ಮೈಯೊಳಗಿನ ತಳವಾರನಿಗೂ ವಯಸ್ಸಾಗುತ್ತದೆ: ಮ್ಯಾಕ್‌ಫಾರ್ಲೇನ್ ಬರ್ನೆಟ್ ಬದುಕು ನಮಗೇಕೆ ಬೇಕು?

ಹೊಸಪೇಟೆ ರೈಲು ನಿಲ್ದಾಣದಲ್ಲಿ ರಾತ್ರಿ ಹೊತ್ತು ಬೆಂಗಳೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್‌ಗೆ ಕಾಯುವವರನ್ನು ಸುಮ್ಮನೆ ಗಮನಿಸಿ. ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡ ಹುಡುಗರು, ಹಂಪಿ ಸುತ್ತಿ ಸುಸ್ತಾದ ಪ್ರವಾಸಿಗರ ನಡುವೆ, ದೊಡ್ಡ ಕವರಿನಲ್ಲಿ ಸ್ಕ್ಯಾನಿಂಗ್ ರಿಪೋರ್ಟು ಹಿಡಿದು ಕೂತ ಒಂದೆರಡು ಕುಟುಂಬಗಳೂ ಕಾಣುತ್ತವೆ. ಕಂಪ್ಲಿಯ ಗದ್ದೆ ಕೆಲಸದವರು, ಸಂಡೂರಿನ ಗಣಿ ಕಡೆಯವರು. ಹೋಗುವುದು ಕಿದ್ವಾಯಿ ಆಸ್ಪತ್ರೆಗೆ. 2021ರಲ್ಲಿ ಹೊಸಪೇಟೆ ಹೊಸ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಜಿಲ್ಲೆ ಬದಲಾದರೂ ಈ ರಾತ್ರಿ ಪ್ರಯಾಣ ತಪ್ಪಿಲ್ಲ.

ಆ ಕುಟುಂಬದಲ್ಲಿ ರೋಗಿ ಅರವತ್ತೈದು ದಾಟಿದ ಅಜ್ಜನೋ ಅಜ್ಜಿಯೋ ಆಗಿದ್ದರೆ, ಮನೆಯಲ್ಲಿ ಯಾರೋ ಒಬ್ಬರು ಆಗಲೇ ಒಂದು ಮಾತು ಆಡಿರುತ್ತಾರೆ. ವಯಸ್ಸಾಯ್ತಲ್ಲ, ಇನ್ಯಾಕೆ ಇದೆಲ್ಲ ಅನ್ನುವ ಮಾತು. ಅದರಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಒಂದು, ವಯಸ್ಸಾದಂತೆ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ ಅನ್ನುವುದು. ಇದು ವಿಜ್ಞಾನ. ಇನ್ನೊಂದು, ವಯಸ್ಸಾದವರ ಮೇಲೆ ದುಡ್ಡು ಸುರಿಯುವುದು ದಂಡ ಅನ್ನುವುದು. ಇದು ರಾಜಕೀಯ. ಇವೆರಡನ್ನೂ ಬೇರ್ಪಡಿಸಿ ನೋಡಲು ಒಬ್ಬ ವಿಜ್ಞಾನಿಯ ಬದುಕು ನೆರವಾಗುತ್ತದೆ. ಮೊದಲನೆಯದನ್ನು ಅರ್ಥ ಮಾಡಿಸಲು ಅವರು ಮಾಡಿದಷ್ಟು ಕೆಲಸ ಮಾಡಿದವರು ಕಡಿಮೆ. ಎರಡನೆಯದರಲ್ಲಿ ಅವರೇ ಎಡವಿದರು. ಹೆಸರು ಫ್ರಾಂಕ್ ಮ್ಯಾಕ್‌ಫಾರ್ಲೇನ್ ಬರ್ನೆಟ್. 1960ರ ನೊಬೆಲ್ ವಿಜೇತ. ತೀರಿಕೊಂಡು 40 ವರ್ಷ ದಾಟಿದೆ.

ಜೀರುಂಡೆ ಹಿಡಿಯುತ್ತಿದ್ದ ಹುಡುಗ

ಬರ್ನೆಟ್ ಹುಟ್ಟಿದ್ದು 1899ರ ಸೆಪ್ಟೆಂಬರ್ 3ರಂದು, ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಟ್ರಾರಾಲ್ಗನ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಸ್ಕಾಟ್ಲೆಂಡಿನಿಂದ ವಲಸೆ ಬಂದು ಬ್ಯಾಂಕ್ ಮ್ಯಾನೇಜರ್ ಆದವರು. ಏಳು ಮಕ್ಕಳಲ್ಲಿ ಈತ ಎರಡನೆಯವ. ಅಕ್ಕ ಡೋರಿಸ್‌ಗೆ ಬೌದ್ಧಿಕ ಅಂಗವೈಕಲ್ಯ ಇತ್ತು. ಅಮ್ಮನ ಹೆಚ್ಚಿನ ಸಮಯವೆಲ್ಲ ಅವಳ ಆರೈಕೆಗೇ ಹೋಗುತ್ತಿತ್ತು. ಆ ಕಾಲದ ಮನೆಗಳಲ್ಲಿ ಅಂಥ ಮಗು ಇರುವುದನ್ನು ಹೊರಗೆ ಹೇಳಿಕೊಳ್ಳಲು ಮುಜುಗರ ಪಡುತ್ತಿದ್ದರು, ಮಕ್ಕಳು ಹೊರಗಿನವರ ಜೊತೆ ಹೆಚ್ಚು ಬೆರೆಯುತ್ತಿರಲಿಲ್ಲ. ಹಾಗಾಗಿ ಹುಡುಗ ಒಂಟಿಯಾಗಿ ಬೆಳೆದ.

1909ರಲ್ಲಿ ಅಪ್ಪನಿಗೆ ಟೆರಾಂಗ್ ಎಂಬ ಊರಿಗೆ ವರ್ಗವಾಯಿತು. ಅಲ್ಲಿ ಕೆರೆ, ಕಾಡು, ಜೌಗು ನೆಲ. ಹುಡುಗ ಜೀರುಂಡೆ ಹಿಡಿದು ಜೋಡಿಸಿಡಲು ಶುರುಮಾಡಿದ. ಮನೆಯಲ್ಲಿದ್ದ ವಿಶ್ವಕೋಶದಲ್ಲಿ ಚಾರ್ಲ್ಸ್ ಡಾರ್ವಿನ್ ಬಗ್ಗೆ ಓದಿದ. ಈ ಎರಡು ವಿಷಯ ಮರೆಯಬೇಡಿ, ಜೀರುಂಡೆ ಮತ್ತು ಡಾರ್ವಿನ್. ಮುಂದೆ ಎರಡೂ ಬರುತ್ತವೆ.

ಸ್ಕಾಲರ್‌ಶಿಪ್ ಸಿಕ್ಕು ಗೀಲಾಂಗ್ ಕಾಲೇಜ್ ಎಂಬ ಶಾಲೆಯ ಹಾಸ್ಟೆಲ್ ಸೇರಿದ. ಆಮೇಲೆ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ, 1922ರಲ್ಲಿ ಪದವಿ. ನರರೋಗ ತಜ್ಞನಾಗಬೇಕು ಅನ್ನುವ ಆಸೆ ಇತ್ತು. ಆದರೆ ಈ ನಾಚಿಕೆ ಸ್ವಭಾವದ ಯುವಕನಿಗೆ ರೋಗಿಗಳಿಗಿಂತ ಪ್ರಯೋಗಾಲಯವೇ ಸರಿ ಎಂದು ಆಸ್ಪತ್ರೆಯ ಹಿರಿಯರು ತೀರ್ಮಾನಿಸಿದರು. ಹಾಗೆ ಸೇರಿಕೊಂಡಿದ್ದು ಮೆಲ್ಬರ್ನಿನ ವಾಲ್ಟರ್ ಅಂಡ್ ಎಲೈಜಾ ಹಾಲ್ ಇನ್‌ಸ್ಟಿಟ್ಯೂಟ್. ನಡುವೆ ಲಂಡನ್ನಿಗೆ ಹೋಗಿ ಪಿಎಚ್‌ಡಿ ಮಾಡಿ ಬಂದದ್ದು ಬಿಟ್ಟರೆ, ಬರ್ನೆಟ್ ವೃತ್ತಿ ಬದುಕು ಬಹುಪಾಲು ಕಳೆದದ್ದು ಅಲ್ಲೇ. 1928ರಲ್ಲಿ ಶಾಲಾ ಶಿಕ್ಷಕಿ ಲಿಂಡಾ ಡ್ರೂಸ್ ಅವರ ಜೊತೆ ಮದುವೆ.

ಅದೇ ವರ್ಷ ಜನವರಿಯಲ್ಲಿ ಕ್ವೀನ್ಸ್‌ಲ್ಯಾಂಡಿನ ಬಂಡಾಬರ್ಗ್ ಎಂಬ ಊರಲ್ಲಿ ಒಂದು ದುರಂತ ನಡೆಯಿತು. ಗಂಟಲಮಾರಿಗೆ, ಅಂದರೆ ಡಿಫ್ತೀರಿಯಾಗೆ, ಲಸಿಕೆ ಹಾಕಿಸಿಕೊಂಡ 21 ಮಕ್ಕಳ ಪೈಕಿ 12 ಮಕ್ಕಳು ಸತ್ತವು. ಜನ ಲಸಿಕೆ ಅಂದರೇ ಹೆದರುವ ಸ್ಥಿತಿ ಬಂತು. ತನಿಖೆಯಲ್ಲಿ ಪ್ರಯೋಗಾಲಯದ ಕೆಲಸ ಬರ್ನೆಟ್ ಪಾಲಿಗೆ ಬಂತು. ತಪ್ಪು ಲಸಿಕೆಯದ್ದಲ್ಲ, ಕ್ರಿಮಿ ಬೆಳೆಯದಂತೆ ತಡೆಯುವ ಔಷಧ ಬೆರೆಸದ ಬಾಟಲಿಯೊಳಗೆ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಬೆಳೆದಿತ್ತು ಎಂದು ತೋರಿಸಿದರು. ಲಸಿಕೆ ವಿರುದ್ಧದ ವದಂತಿಗಳನ್ನು ಕೋವಿಡ್ ಕಾಲದಲ್ಲಿ ಕಂಡ ನಮಗೆ ಈ ಕೆಲಸದ ಬೆಲೆ ಗೊತ್ತು.

ಮುಂದಿನ ಎರಡು ದಶಕ ವೈರಸ್‌ಗಳ ಬೆನ್ನು ಹತ್ತಿದರು. ಕೋಳಿಮೊಟ್ಟೆಯೊಳಗೆ ಫ್ಲೂ ವೈರಸ್ ಬೆಳೆಸುವ ವಿಧಾನವನ್ನು ಪಳಗಿಸಿದರು. ಇವತ್ತಿಗೂ ಫ್ಲೂ ಲಸಿಕೆಯ ದೊಡ್ಡ ಪಾಲು ಮೊಟ್ಟೆಯಲ್ಲೇ ತಯಾರಾಗುತ್ತದೆ. 1931ರಲ್ಲಿ ವೈದ್ಯೆ ಜೀನ್ ಮ್ಯಾಕ್‌ನಮಾರಾ ಜೊತೆ ಸೇರಿ, ಪೋಲಿಯೊ ವೈರಸ್ ಒಂದೇ ಬಗೆಯದ್ದಲ್ಲ ಎಂದು ತೋರಿಸಿದರು. ಅದು ಗೊತ್ತಿಲ್ಲದೆ ಪೋಲಿಯೊ ಲಸಿಕೆ ಮಾಡಲು ಆಗುತ್ತಿರಲಿಲ್ಲ. ಕ್ಯೂ ಜ್ವರದ ಬ್ಯಾಕ್ಟೀರಿಯಾಗೆ ಇವತ್ತು ಕಾಕ್ಸಿಯೆಲ್ಲಾ ಬರ್ನೆಟಿ ಎಂದೇ ಹೆಸರು. 1944ರಲ್ಲಿ ಹಾರ್ವರ್ಡ್ ಪ್ರೊಫೆಸರ್ ಹುದ್ದೆ ಕೊಡುತ್ತೇನೆ ಅಂದಿತು, ಬೇಡ ಅಂದರು. ಹಾಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದರು.

ಮುಚ್ಚಿಟ್ಟ ಕಡತ

ಇಲ್ಲಿಗೆ ನಿಲ್ಲಿಸಿದ್ದರೆ ಇದು ಪಠ್ಯಪುಸ್ತಕದ ಮಹಾಪುರುಷನ ಪಾಠ ಆಗುತ್ತಿತ್ತು. ಆದರೆ 1998ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರ ಹೊರಬಿಟ್ಟ ರಹಸ್ಯ ಕಡತಗಳಲ್ಲಿ ಬೇರೊಬ್ಬ ಬರ್ನೆಟ್ ಇದ್ದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾದ ರಕ್ಷಣಾ ಇಲಾಖೆ ಅವರ ಸಲಹೆ ಕೇಳಿತ್ತು. 1947ರಲ್ಲಿ ಅವರು ಕೊಟ್ಟ ಸಲಹೆ ಇದು: ಜನಸಂಖ್ಯೆ ತುಂಬಿ ತುಳುಕುವ ಏಷ್ಯಾದ ದೇಶಗಳು ದಾಳಿ ಮಾಡಬಹುದು. ಹಾಗಾದರೆ ಅವರ ಉಷ್ಣವಲಯದ ಆಹಾರ ಬೆಳೆಗಳನ್ನು ಜೈವಿಕ ಅಥವಾ ರಾಸಾಯನಿಕ ಅಸ್ತ್ರದಿಂದ ನಾಶ ಮಾಡುವುದು, ಆಸ್ಟ್ರೇಲಿಯಾದ ವಾತಾವರಣದಲ್ಲಿ ಹರಡದ ಆದರೆ ಅಲ್ಲಿ ಹರಡುವ ಸಾಂಕ್ರಾಮಿಕ ರೋಗವನ್ನು ಬಿಡುವುದು ಒಳ್ಳೆಯ ಉಪಾಯ. ಆ ಆಯುಧ ತಯಾರಾದ ದಾಖಲೆ ಇಲ್ಲ. ಆದರೆ ಮಕ್ಕಳ ಸಾವಿನ ಕಾರಣ ಹುಡುಕಿದ, ಪೋಲಿಯೊ ಲಸಿಕೆಗೆ ದಾರಿ ಮಾಡಿದ ಅದೇ ವ್ಯಕ್ತಿ, ಅದೇ ತಿಳಿವಳಿಕೆಯನ್ನು ತಿರುಗಿಸಿ ಹಿಡಿದು ಈ ಸಲಹೆ ಕೊಟ್ಟಿದ್ದು ನಿಜ. ಸ್ವಾತಂತ್ರ್ಯ ಪಡೆಯುತ್ತಿದ್ದ ನಮ್ಮಂಥ ದೇಶಗಳ ಕೋಟ್ಯಂತರ ಜನ ಆ ಕಾಗದದಲ್ಲಿ ಬರೀ ಒಂದು ಸಂಖ್ಯೆ, ಹೆಚ್ಚಾಗಿರುವ ಸಂಖ್ಯೆ.

ಇದೇ ಬರ್ನೆಟ್ 1951ರಲ್ಲಿ ತಮ್ಮ ಮೈಗೇ ವೈರಸ್ ಚುಚ್ಚಿಕೊಂಡರು. ಹೊಲ ಹಾಳು ಮಾಡುತ್ತಿದ್ದ ಮೊಲಗಳನ್ನು ಕೊಲ್ಲಲು ಸರ್ಕಾರ ಮಿಕ್ಸೊಮಾ ಎಂಬ ವೈರಸ್ ಬಿಟ್ಟಿತ್ತು. ಅದೇ ಹೊತ್ತಿಗೆ ಮನುಷ್ಯರಲ್ಲಿ ಮಿದುಳು ಜ್ವರ ಕಾಣಿಸಿಕೊಂಡು ಜನ ಗಾಬರಿಯಾದರು. ಎರಡಕ್ಕೂ ಸಂಬಂಧ ಇಲ್ಲ ಎಂದು ತೋರಿಸಲು ಬರ್ನೆಟ್, ಫ್ರಾಂಕ್ ಫೆನ್ನರ್, ಇಯಾನ್ ಕ್ಲುನೀಸ್ ರಾಸ್ ಮೂವರೂ ಮೊಲದ ವೈರಸ್ಸನ್ನು ಚುಚ್ಚಿಕೊಂಡರು. ಏನೂ ಆಗಲಿಲ್ಲ. ತನ್ನ ದೇಶದ ಜನರ ಭಯ ನೀಗಲು ಜೀವ ಪಣಕ್ಕಿಡುವ ಧೈರ್ಯ ಒಂದು ಕಡೆ, ಬೇರೆ ದೇಶದ ಜನರ ಬಗ್ಗೆ ಆ ಪರಿ ನಿರ್ದಯೆ ಇನ್ನೊಂದು ಕಡೆ. ನಮ್ಮವರು ಮತ್ತು ಹೊರಗಿನವರು ಅನ್ನುವ ಗೆರೆ ಅವರ ರಾಜಕೀಯದಲ್ಲಿ ಅಷ್ಟು ದಪ್ಪಗಿತ್ತು. ಆಶ್ಚರ್ಯ ಅಂದರೆ ಅವರ ದೊಡ್ಡ ವಿಜ್ಞಾನ ಹುಟ್ಟಿದ್ದೂ ಇದೇ ಪ್ರಶ್ನೆಯಿಂದ.

ತನ್ನದು ಯಾವುದು, ಪರಕೀಯ ಯಾವುದು

ಮೈಗೆ ಹೊರಗಿನ ಕ್ರಿಮಿ ಬಂದರೆ ರಕ್ತದ ಬಿಳಿಕಣಗಳು ಮೇಲೆರಗುತ್ತವೆ. ಹಾಗಾದರೆ ತನ್ನದೇ ಲಿವರ್ ಮೇಲೆ, ತನ್ನದೇ ಚರ್ಮದ ಮೇಲೆ ಯಾಕೆ ಎರಗುವುದಿಲ್ಲ? 1949ರಲ್ಲಿ ಫೆನ್ನರ್ ಜೊತೆ ಬರೆದ ಪುಸ್ತಕದಲ್ಲಿ ಬರ್ನೆಟ್ ಒಂದು ಊಹೆ ಮುಂದಿಟ್ಟರು. ತನ್ನದು ಯಾವುದು ಅನ್ನುವುದನ್ನು ದೇಹ ಹುಟ್ಟುತ್ತಲೇ ತಿಳಿದಿರುವುದಿಲ್ಲ, ಭ್ರೂಣದ ಹಂತದಲ್ಲಿ ಅದನ್ನು ಕಲಿಯುತ್ತದೆ. ಆ ಹಂತದಲ್ಲಿ ಹೊರಗಿನದನ್ನು ಒಳಸೇರಿಸಿದರೆ ಅದನ್ನೂ ತನ್ನದೇ ಅಂದುಕೊಳ್ಳುತ್ತದೆ. ಬ್ರಿಟನ್ನಿನ ಪೀಟರ್ ಮೆಡಾವರ್ ಮತ್ತು ಸಂಗಡಿಗರು 1953ರಲ್ಲಿ ಇಲಿಗಳ ಮೇಲೆ ಇದನ್ನು ಸಾಬೀತು ಮಾಡಿದರು. 1960ರ ನೊಬೆಲ್ ಇಬ್ಬರಿಗೂ ಬಂದದ್ದು ಇದಕ್ಕೆ. ಅಂಗಾಂಗ ಕಸಿಯ ವಿಜ್ಞಾನಕ್ಕೆ ಬುನಾದಿಯೇ ಇದು.

ಆದರೆ ಬರ್ನೆಟ್ ಹೆಚ್ಚು ಹೆಮ್ಮೆಪಟ್ಟಿದ್ದು 1957ರ ಇನ್ನೊಂದು ಕೆಲಸಕ್ಕೆ. ಡಾರ್ವಿನ್ ಇಲ್ಲಿ ವಾಪಸ್ ಬರುತ್ತಾನೆ. ದೇಹದಲ್ಲಿ ಲಕ್ಷಾಂತರ ಬಗೆಯ ರಕ್ಷಕ ಕೋಶಗಳು ಮೊದಲೇ ಇರುತ್ತವೆ, ಒಂದೊಂದೂ ಒಂದೊಂದು ಗುರುತನ್ನು ಮಾತ್ರ ಹಿಡಿಯಬಲ್ಲದು. ರೋಗಾಣು ಬಂದಾಗ ಅದಕ್ಕೆ ಸರಿಹೊಂದುವ ಕೋಶ ಆಯ್ಕೆಯಾಗಿ, ತನ್ನಂಥದ್ದೇ ಸಾವಿರಾರು ತದ್ರೂಪಿಗಳನ್ನು ಹುಟ್ಟಿಸುತ್ತದೆ. ಅಂದರೆ ಕಾಡಿನಲ್ಲಿ ಲಕ್ಷಾಂತರ ವರ್ಷ ನಡೆಯುವ ನೈಸರ್ಗಿಕ ಆಯ್ಕೆ, ನಮ್ಮ ರಕ್ತದಲ್ಲಿ ಕೆಲವೇ ದಿನಗಳಲ್ಲಿ ನಡೆದುಹೋಗುತ್ತದೆ. ಅಮೆರಿಕದ ಡೇವಿಡ್ ಟಾಲ್ಮೇಜ್ ಕೂಡ ಅದೇ ಹೊತ್ತಿಗೆ ಇಂಥದ್ದೇ ಯೋಚನೆಗೆ ಬಂದಿದ್ದರು. ಲಸಿಕೆ ಯಾಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇವತ್ತಿಗೂ ಕೊಡುವ ವಿವರಣೆ ಇದೇ.

ಊರು ಕಾಯುವವನು

ಕಮಲಾಪುರದಿಂದ ಆನೆಗೊಂದಿ ಕಡೆ ಹೋಗುವ ದಾರಿಯಲ್ಲಿ ತಳವಾರಘಟ್ಟದ ಹೆಬ್ಬಾಗಿಲು ಇದೆ. ಹಂಪಿಗೆ ಬಂದವರು ಬಹಳಷ್ಟು ಜನ ಅದರಡಿ ಹಾದುಹೋಗಿರುತ್ತೀರಿ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿ ಒಂದರೊಳಗೊಂದು ಏಳು ಕೋಟೆ ಗೋಡೆ ಕಂಡಿದ್ದ. ಗೋಡೆ ಹೊರಗಿನ ಸೈನ್ಯಕ್ಕಾಯಿತು. ಊರೊಳಗೇ ಹುಟ್ಟುವ ಕಳ್ಳನಿಗೆ? ಅದಕ್ಕೆ ನಮ್ಮ ಸೀಮೆಯ ಹಳ್ಳಿಗಳಲ್ಲಿ ತಳವಾರ ಇರುತ್ತಿದ್ದ. ಅವನ ಬಲ ಕೈಯಲ್ಲಿದ್ದ ಕೋಲಿಗಿಂತ ಹೆಚ್ಚಾಗಿ ನೆನಪಿನಲ್ಲಿತ್ತು. ಪ್ರತಿ ಮನೆಯ ಮುಖ ಗೊತ್ತಿದ್ದರಿಂದಲೇ ಬದಲಾದ ಚಹರೆಯೂ ಗೊತ್ತಾಗುತ್ತಿತ್ತು.

ಬರ್ನೆಟ್ ಕ್ಯಾನ್ಸರ್ ಬಗ್ಗೆ ಯೋಚಿಸಿದ್ದು ಹೀಗೆಯೇ. ನಮ್ಮ ಮೈಯಲ್ಲಿ ಕೋಶಗಳು ಸದಾ ವಿಭಜನೆ ಆಗುತ್ತಿರುತ್ತವೆ. ಪ್ರತಿ ಸಲ ಡಿಎನ್‌ಎ ನಕಲು ಮಾಡುವಾಗ ಒಂದಿಷ್ಟು ತಪ್ಪು ನುಸುಳುತ್ತದೆ. ಕೆಲವು ತಪ್ಪುಗಳು ಕೋಶವನ್ನು ಕ್ಯಾನ್ಸರ್ ಹಾದಿಗೆ ತಳ್ಳುತ್ತವೆ. ಹಾಗಿದ್ದೂ ಬಹುತೇಕರು ದಶಕಗಳ ಕಾಲ ಆರೋಗ್ಯವಾಗಿರುತ್ತಾರಲ್ಲ, ಯಾಕೆ? ಕೆಟ್ಟ ಕೋಶದ ಮೇಲ್ಮೈ ಸ್ವಲ್ಪ ಬೇರೆಯಾಗಿ ಕಾಣುತ್ತದೆ, ಗಸ್ತು ತಿರುಗುವ ರಕ್ಷಕ ಕೋಶ ಅದನ್ನು ಗುರುತಿಸಿ ಮೊಳಕೆಯಲ್ಲೇ ಕೊಲ್ಲುತ್ತದೆ ಎಂದು 1957ರಲ್ಲೇ ಬರೆದರು. ಅಮೆರಿಕದ ಲೂಯಿಸ್ ಥಾಮಸ್ ಕೂಡ ಅದೇ ಕಾಲದಲ್ಲಿ ಹೀಗೆ ಯೋಚಿಸಿದ್ದರು. 1970ರಲ್ಲಿ ಬರ್ನೆಟ್ ಇದರ ಮೇಲೆ ಪೂರ್ತಿ ಪುಸ್ತಕವನ್ನೇ ಬರೆದರು. ಇದಕ್ಕೆ ಇಮ್ಯೂನ್ ಸರ್ವೆಲೆನ್ಸ್ ಅನ್ನುತ್ತಾರೆ. ಕನ್ನಡದಲ್ಲಿ ಮೈಗಾವಲು ಅಂದರೆ ಸಾಕು.

ಆಗ ಸಹಜವಾಗಿ ಬರುವ ಪ್ರಶ್ನೆ, ವಯಸ್ಸಾದವರಲ್ಲೇ ಯಾಕೆ ಕ್ಯಾನ್ಸರ್ ಜಾಸ್ತಿ? ತಪ್ಪುಗಳು ವರ್ಷ ವರ್ಷ ಸೇರಿ ಗುಡ್ಡೆ ಬೀಳುತ್ತವೆ, ಹಲವು ತಪ್ಪು ಒಂದೇ ಕೋಶದಲ್ಲಿ ಕೂಡಿದಾಗ ಗಡ್ಡೆಯಾಗುತ್ತದೆ ಅನ್ನುವುದು ಒಂದು ಉತ್ತರ. 1954ರಲ್ಲೇ ಬ್ರಿಟನ್ನಿನ ಆರ್ಮಿಟೇಜ್ ಮತ್ತು ಡಾಲ್ ಇದನ್ನು ಲೆಕ್ಕದ ಮೂಲಕ ತೋರಿಸಿದ್ದರು. ಬರ್ನೆಟ್ ಅದನ್ನು ಒಪ್ಪಿದರು, ಜೊತೆಗೆ ಇನ್ನೊಂದನ್ನು ಸೇರಿಸಿದರು. ಕಳ್ಳರು ಹೆಚ್ಚಾದದ್ದಷ್ಟೇ ಅಲ್ಲ, ಕಾಯುವವನಿಗೂ ವಯಸ್ಸಾಗಿದೆ.

ಅವರ ಕಣ್ಣು ಬಿದ್ದದ್ದು ಎದೆಮೂಳೆಯ ಹಿಂದೆ ಇರುವ ಥೈಮಸ್ ಎಂಬ ಗ್ರಂಥಿಯ ಮೇಲೆ. ಬಹಳ ಕಾಲ ಅದು ಕೆಲಸಕ್ಕೆ ಬಾರದ ಅಂಗ ಎಂದೇ ವೈದ್ಯರು ತಿಳಿದಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಅದರ ಕೆಲಸ ಬಯಲು ಮಾಡಿದರು. ಮುಂದೆ ಅವರೂ ಹಾಲ್ ಇನ್‌ಸ್ಟಿಟ್ಯೂಟಿಗೇ ಬಂದರು. ಥೈಮಸ್ ಅಂದರೆ ಟಿ ಕೋಶಗಳ ತರಬೇತಿ ಶಾಲೆ. ಪರೀಕ್ಷೆ ಬಹಳ ಕಠಿಣ. ತನ್ನದೇ ದೇಹದ ಮೇಲೆ ಎರಗುವ ಗುಣ ತೋರಿಸಿದ ಕೋಶಗಳನ್ನು ಅಲ್ಲೇ ಸಾಯಿಸಲಾಗುತ್ತದೆ, ಬಹುಪಾಲು ಕೋಶಗಳು ಪಾಸಾಗುವುದೇ ಇಲ್ಲ. ಈ ಶಾಲೆ ಚೆನ್ನಾಗಿ ನಡೆಯುವುದು ಬಾಲ್ಯದಲ್ಲಿ. ಹರೆಯ ಕಳೆಯುತ್ತಿದ್ದಂತೆ ಕುಗ್ಗುತ್ತಾ, ಅದರ ಜಾಗವನ್ನು ಕೊಬ್ಬು ತುಂಬಿಕೊಳ್ಳುತ್ತದೆ. ಹೊಸ ಟಿ ಕೋಶಗಳ ನೇಮಕಾತಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಬರ್ನೆಟ್ ದೃಷ್ಟಿಯಲ್ಲಿ ಮುಪ್ಪಿನ ಗಡಿಯಾರದ ಒಂದು ಮುಖ್ಯ ಮುಳ್ಳು ಇಲ್ಲೇ ಇತ್ತು.

ಅವರ ಕಾಲದ ನಂತರ ಗೊತ್ತಾದದ್ದು ಸೇರಿಸಿ ಹೇಳಬೇಕೆಂದರೆ, ವಯಸ್ಸಾದ ಮೈಗಾವಲಿಗೆ ಮೂರು ತೊಂದರೆ. ಹೊಸಬರ ಭರ್ತಿ ನಿಂತಿರುತ್ತದೆ, ಹಾಗಾಗಿ ಹಿಂದೆಂದೂ ಕಾಣದ ಮುಖವನ್ನು ಗುರುತಿಸುವವರು ಕಡಿಮೆ. ಇರುವ ಜಾಗದಲ್ಲಿ ಹಳೆಯ ಸೋಂಕುಗಳ ನೆನಪು ಹೊತ್ತ ಕೋಶಗಳು ತುಂಬಿರುತ್ತವೆ. ಇಷ್ಟು ಸಾಲದು ಎಂಬಂತೆ ದೇಹದ ತುಂಬ ಸಣ್ಣ ಪ್ರಮಾಣದ ಉರಿಯೂತ ಸದಾ ಹೊಗೆಯಾಡುತ್ತಿರುತ್ತದೆ, ದಿನವಿಡೀ ಕೂಗುವ ಕಾವಲುಗಾರನ ಕೂಗನ್ನು ಯಾರೂ ಕೇಳಿಸಿಕೊಳ್ಳದ ಹಾಗೆ. ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲಿ ಇದಕ್ಕೊಂದು ಹೆಸರನ್ನೂ ಕೊಟ್ಟರು, ಇನ್‌ಫ್ಲಮೇಜಿಂಗ್. ಅಜ್ಜ ಅಜ್ಜಿಯರಿಗೆ ಫ್ಲೂ ಲಸಿಕೆ ಚಿಕ್ಕವರಷ್ಟು ಹಿಡಿಯದಿರುವುದಕ್ಕೂ ಇದೇ ಕಾರಣಗಳು.

ಸಿದ್ಧಾಂತ ಬಿತ್ತು, ಮತ್ತೆ ಎದ್ದಿತು

1965ರಲ್ಲಿ ಬರ್ನೆಟ್ ನಿವೃತ್ತರಾದರು, ಬರವಣಿಗೆ ನಿಲ್ಲಿಸಲಿಲ್ಲ. ಸಿಗರೇಟು ಕಂಪನಿಗಳ ವಿರುದ್ಧ ಬಹಿರಂಗವಾಗಿ ಮಾತಾಡಿದ ಆಸ್ಟ್ರೇಲಿಯಾದ ಮೊದಲ ದೊಡ್ಡ ಹೆಸರುಗಳಲ್ಲಿ ಅವರದ್ದೂ ಒಂದು.

1973ರಲ್ಲಿ ಪತ್ನಿ ಲಿಂಡಾ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಮೈಗಾವಲಿನ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಮನುಷ್ಯನ ಮನೆಯಲ್ಲಿ, ಆ ಕಾವಲಿನ ಕೋಶಗಳೇ ಕೆಟ್ಟು ಬರುವ ಕಾಯಿಲೆ. 45 ವರ್ಷ ಜೊತೆಗಿದ್ದವರು ಹೋದ ಮೇಲೆ ಬರ್ನೆಟ್ ವಾರಕ್ಕೊಮ್ಮೆ ಅವರಿಗೆ ಕಾಗದ ಬರೆಯುತ್ತಾ ಕೂರುತ್ತಿದ್ದರು, ತಲುಪದ ಕಾಗದ. ಬಾಲ್ಯದ ಜೀರುಂಡೆ ಸಂಗ್ರಹದ ಹವ್ಯಾಸಕ್ಕೂ ಮರಳಿದರು. 1976ರಲ್ಲಿ ಹೇಜಲ್ ಜೆಂಕಿನ್ ಅವರನ್ನು ಮದುವೆಯಾದರು. ಅದೇ ವರ್ಷ ಬಂದ ಅವರ ಪುಸ್ತಕದ ವಿಷಯವೇ ರೋಗನಿರೋಧಕತೆ, ಮುಪ್ಪು ಮತ್ತು ಕ್ಯಾನ್ಸರ್.

ಅಷ್ಟರಲ್ಲಿ ಅವರ ಸಿದ್ಧಾಂತಕ್ಕೆ ಪೆಟ್ಟು ಬಿದ್ದಿತ್ತು. 1974ರಲ್ಲಿ ಓಸಿಯಾಸ್ ಸ್ಟುಟ್‌ಮನ್ ಎಂಬ ವಿಜ್ಞಾನಿ ಥೈಮಸ್ ಇಲ್ಲದೆ ಹುಟ್ಟುವ ಬೋಳು ಇಲಿಗಳಿಗೆ ಕ್ಯಾನ್ಸರ್ ತರುವ ರಾಸಾಯನಿಕ ಕೊಟ್ಟು ನೋಡಿದರು. ಬರ್ನೆಟ್ ಹೇಳಿದ್ದು ನಿಜವಾಗಿದ್ದರೆ ಅವಕ್ಕೆ ಹೆಚ್ಚು ಗಡ್ಡೆ ಬರಬೇಕಿತ್ತು. ಬರಲಿಲ್ಲ. ಹೆಚ್ಚಿನ ವಿಜ್ಞಾನಿಗಳು ಆ ಸಿದ್ಧಾಂತವನ್ನು ಅಲ್ಲಿಗೇ ಕೈಬಿಟ್ಟರು.

ಆ ಇಲಿಗಳಿಗೆ ರಕ್ಷಣೆ ಪೂರ್ತಿ ಇಲ್ಲದೇ ಇರಲಿಲ್ಲ, ಬೇರೆ ಬಗೆಯ ರಕ್ಷಕ ಕೋಶಗಳು ಇದ್ದವು ಅನ್ನುವುದು ಆಮೇಲೆ ತಿಳಿಯಿತು. 2001ರಲ್ಲಿ ರಾಬರ್ಟ್ ಶ್ರೈಬರ್ ತಂಡ, ನಿಜಕ್ಕೂ ರಕ್ಷಣೆ ಕಳೆದುಕೊಂಡ ಇಲಿಗಳಲ್ಲಿ ಕ್ಯಾನ್ಸರ್ ಹೆಚ್ಚಾಗುತ್ತದೆ ಎಂದು ತೋರಿಸಿತು. ಜೊತೆಗೆ ಒಂದು ತಿದ್ದುಪಡಿಯನ್ನೂ ಮಾಡಿತು. ಕಾವಲು ಕೆಟ್ಟ ಕೋಶಗಳನ್ನು ಕೊಲ್ಲುತ್ತಾ ಹೋದಂತೆ, ಕಣ್ತಪ್ಪಿಸುವುದರಲ್ಲಿ ನಿಪುಣವಾದವು ಮಾತ್ರ ಉಳಿಯುತ್ತವೆ. ಮತ್ತೆ ಡಾರ್ವಿನ್, ಈ ಸಲ ಕ್ಯಾನ್ಸರ್ ಪರವಾಗಿ.

ವಯಸ್ಸಿನ ಭಾಗಕ್ಕೂ ಸಾಕ್ಷಿ ಸಿಗುತ್ತಿದೆ. ಹೃದಯದ ಕೆಲವು ಆಪರೇಷನ್‌ಗಳಲ್ಲಿ ದಾರಿಗೆ ಅಡ್ಡ ಬರುತ್ತದೆ ಎಂದು ಥೈಮಸ್ ಕಿತ್ತುಹಾಕುವುದುಂಟು. ದೊಡ್ಡವರಿಗೆ ಅದರಿಂದ ನಷ್ಟವಿಲ್ಲ ಎಂಬ ನಂಬಿಕೆ ಇತ್ತು. 2023ರಲ್ಲಿ ಬೋಸ್ಟನ್ನಿನ ವೈದ್ಯರು ಅಂಥ ವಯಸ್ಕರನ್ನು, ಥೈಮಸ್ ಉಳಿಸಿಕೊಂಡು ಅದೇ ಥರದ ಆಪರೇಷನ್ ಆದವರ ಜೊತೆ ಹೋಲಿಸಿದರು. ಐದು ವರ್ಷದೊಳಗೆ ತೀರಿಕೊಂಡವರು ಮೊದಲ ಗುಂಪಿನಲ್ಲಿ ಶೇ. 8.1, ಎರಡನೆಯದರಲ್ಲಿ ಶೇ. 2.8. ಕ್ಯಾನ್ಸರ್ ಬಂದವರು ಶೇ. 7.4 ಮತ್ತು ಶೇ. 3.7. ಕುಗ್ಗಿದ ಥೈಮಸ್ ಕೂಡ ಏನೋ ಕೆಲಸ ಮಾಡುತ್ತಿರುತ್ತದೆ ಎಂದಾಯಿತು. ಇದೊಂದರಿಂದಲೇ ಬರ್ನೆಟ್ ಗೆದ್ದರು ಅನ್ನಲಾಗದು. ಡಿಎನ್‌ಎ ತಪ್ಪುಗಳ ಪಾಲೆಷ್ಟು, ಕಾವಲು ಸೋತದ್ದರ ಪಾಲೆಷ್ಟು ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ.

ವಯಸ್ಸಾದ ಕಾವಲು ಸತ್ತ ಕಾವಲಲ್ಲ

ಈಗ ಮೊದಲಿನ ಮಾತಿಗೆ ಬರೋಣ. ವಯಸ್ಸಾಯ್ತಲ್ಲ, ಇನ್ಯಾಕೆ?

ಕ್ಯಾನ್ಸರ್ ಕೋಶಗಳು ಟಿ ಕೋಶಗಳ ಬ್ರೇಕ್ ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತವೆ. ಆ ಬ್ರೇಕ್ ಬಿಡಿಸುವ ಔಷಧಗಳಿಗೆ ದಾರಿ ಮಾಡಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಮುಪ್ಪಿನ ಕಾವಲು ಅಷ್ಟೊಂದು ಸೋತಿದ್ದರೆ ಈ ಔಷಧ ವಯಸ್ಸಾದವರಲ್ಲಿ ಕೆಲಸವೇ ಮಾಡಬಾರದಿತ್ತು. ಆದರೆ ಅರವತ್ತೈದು ದಾಟಿದವರಲ್ಲೂ ಒಟ್ಟಾರೆ ಚಿಕ್ಕವರಷ್ಟೇ ಪ್ರಯೋಜನ ಕಂಡಿದೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಗ್ಗೆ 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅರವತ್ತು ದಾಟಿದವರೇ ಹೆಚ್ಚು ಸ್ಪಂದಿಸಿದ್ದರು. ಅಂದರೆ ಕಾವಲು ದುರ್ಬಲವಾಗಿರುತ್ತದೆ, ಆದರೆ ಸರಿಯಾದ ನೆರವು ಸಿಕ್ಕರೆ ಏಳುತ್ತದೆ. ಹಾಗಿದ್ದೂ ಹೊಸ ಔಷಧಗಳ ಪ್ರಯೋಗಕ್ಕೆ ಜನರನ್ನು ಆರಿಸುವಾಗ ವಯಸ್ಸಾದವರನ್ನು ಕಡಿಮೆ ಸೇರಿಸಿಕೊಳ್ಳುತ್ತಾರೆ. ಯಾರಿಗೆ ಕಾಯಿಲೆ ಹೆಚ್ಚೋ ಅವರ ಬಗ್ಗೆಯೇ ಮಾಹಿತಿ ಕಡಿಮೆ.

ಬರ್ನೆಟ್ ಇಲ್ಲಿ ನಮ್ಮ ಜೊತೆ ಇರುತ್ತಿದ್ದರೋ ಇಲ್ಲವೋ. ಕೊನೆಯ ವರ್ಷಗಳಲ್ಲಿ ಅವರ ಬರಹ ಹೆಚ್ಚು ಹೆಚ್ಚು ಕತ್ತಲಾಯಿತು. ಮುಪ್ಪು, ರೋಗ, ಮನುಷ್ಯನ ನಡತೆ ಎಲ್ಲವೂ ಹೆಚ್ಚುಕಡಿಮೆ ವಂಶವಾಹಿಯಲ್ಲೇ ಬರೆದಿದೆ, ಬದಲಿಸಲು ಆಗುವುದು ಅಲ್ಪ ಎಂಬ ನಿಲುವಿಗೆ ಬಂದರು. 1978ರ ಪುಸ್ತಕದಲ್ಲಿ ದಯಾಮರಣದ ಪರ ವಾದಿಸಿದರು. ಗುಣವಾಗದ ನರಳಾಟದಲ್ಲಿ ಇರುವವರ ಇಚ್ಛೆಯನ್ನು ಗೌರವಿಸುವುದು ಒಂದು, ಅದನ್ನು ತಳ್ಳಿಹಾಕಲಾಗದು. ಆದರೆ ಹಣೆಬರಹವೆಲ್ಲ ಜೀನ್‌ನಲ್ಲೇ ಇದೆ ಅನ್ನುವ ನಂಬಿಕೆಯ ಜೊತೆ ಸೇರಿದಾಗ ಅದು ಬೇರೆ ಕಡೆ ಎಳೆಯುತ್ತದೆ. 1947ರ ಕಡತದಲ್ಲಿ ಏಷ್ಯಾದವರು ಹೆಚ್ಚಾದ ಜನ ಆಗಿದ್ದರು. ಇನ್ನೊಂದು ಲೆಕ್ಕದಲ್ಲಿ ಮುದುಕರು, ಮತ್ತೊಂದರಲ್ಲಿ ಡೋರಿಸ್ ಥರದವರು ಹೆಚ್ಚಾದ ಜನ ಆಗಬಹುದು. ಜೀವವಿಜ್ಞಾನ ನೇರವಾಗಿ ರಾಜಕೀಯದ ಭಾಷೆ ಆದಾಗ ಹೀಗಾಗುತ್ತದೆ. ಇವತ್ತು ನಮ್ಮಲ್ಲಿ ಒಳಗಿನವರು, ನುಸುಳಿದವರು, ಸಮಾಜಕ್ಕೆ ಅಂಟಿದ ಕ್ಯಾನ್ಸರ್ ಎಂದೆಲ್ಲ ಭಾಷಣ ಮಾಡುವವರಿಗೂ ಇದೇ ರೋಗ.

ತಮಾಷೆ ಅಂದರೆ ಮೈಗಾವಲಿನ ವಿಜ್ಞಾನವೇ ಈಗ ಆ ಗೆರೆಯನ್ನು ಅಳಿಸಿದೆ. ನಮ್ಮ ಕರುಳಿನ ತುಂಬ ಹೊರಗಿನ ಬ್ಯಾಕ್ಟೀರಿಯಾ ಇವೆ, ಅವಿಲ್ಲದೆ ನಾವು ಆರೋಗ್ಯವಾಗಿರುವುದು ಕಷ್ಟ. ಅರ್ಧ ಪರಕೀಯವಾದ ಮಗುವನ್ನು ತಾಯಿಯ ದೇಹ ಒಂಬತ್ತು ತಿಂಗಳು ಸಾಕುತ್ತದೆ. ದೇಹ ಹೊರಗಿನದ್ದನ್ನೆಲ್ಲ ಕೊಲ್ಲುವುದಿಲ್ಲ, ಅಪಾಯ ಯಾವುದು ಎಂದು ನೋಡುತ್ತದೆ.

1984ರ ನವೆಂಬರ್‌ನಲ್ಲಿ, 85ನೇ ವಯಸ್ಸಿನಲ್ಲಿ, ಬರ್ನೆಟ್ ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಯಿತು. ವಯಸ್ಸಾಯ್ತಲ್ಲ ಎಂದು ಯಾರೂ ಅವರನ್ನು ಮನೆಗೆ ಕಳಿಸಲಿಲ್ಲ ಅನ್ನುವುದನ್ನು ಗಮನಿಸಿ. ಮುಂದಿನ ಆಗಸ್ಟ್‌ನಲ್ಲಿ ಎದೆಗೂ ಹರಡಿರುವುದು ಗೊತ್ತಾಯಿತು. 1985ರ ಆಗಸ್ಟ್ 31ರಂದು, 86 ತುಂಬಲು ಮೂರೇ ದಿನ ಇರುವಾಗ, ಪೋರ್ಟ್ ಫೇರಿ ಎಂಬ ಕಡಲತೀರದ ಊರಿನಲ್ಲಿ ಮಗನ ಮನೆಯಲ್ಲಿ ಕೊನೆಯುಸಿರೆಳೆದರು. ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು.

ಅವರಿಗೆ ಸಿಕ್ಕಿದ್ದು ಕಂಪ್ಲಿಯ ಅಜ್ಜಿಗೆ ಸಿಗುತ್ತದಾ ಅನ್ನುವುದಷ್ಟೇ ಈಗ ನಮ್ಮ ಪ್ರಶ್ನೆ. 70 ದಾಟಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಕಾರ್ಡ್ ಕೊಡುವ ಯೋಜನೆಗೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಚಾಲನೆ ಕೊಟ್ಟಿತು. ಒಳ್ಳೆಯದೇ. ಆದರೆ ಕಾರ್ಡು ಗಡ್ಡೆಯನ್ನು ಬೇಗ ಪತ್ತೆ ಮಾಡುವುದಿಲ್ಲ. ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ತಂದ ಮಾರ್ಗಸೂಚಿ 30ರಿಂದ 65 ವಯಸ್ಸಿನವರಿಗೆ. ವಯಸ್ಸಿನ ಮಿತಿಗೆ ವೈದ್ಯಕೀಯ ಕಾರಣಗಳಿವೆ, ಒಪ್ಪೋಣ. ಆದರೆ 65ರವರೆಗೆ ಒಂದು ಸಲವೂ ತಪಾಸಣೆ ಕಾಣದವರಿಗೆ ಆ ಮಿತಿ ಮುಚ್ಚಿದ ಬಾಗಿಲು. ಮೈಗಾವಲು ಸೋಲುವ ವಯಸ್ಸಿನಲ್ಲಿ ಹೊರಗಿನ ಕಾವಲು ಹೆಚ್ಚಬೇಕು. ನಮ್ಮಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ.

ನೀವು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವ ಹಿರಿಯರ ಬಾಯಲ್ಲಿ ಎರಡು ಮೂರು ವಾರ ವಾಸಿಯಾಗದ ಹುಣ್ಣಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ನೋಡುವವರು ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ. ನಿಮ್ಮ ಶಾಸಕರನ್ನು, ಜಿಲ್ಲಾಡಳಿತವನ್ನು ಕೇಳಿ. ಗಣಿ ಬಾಧಿತ ಪ್ರದೇಶಗಳ ಹೆಸರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಬರುತ್ತದಲ್ಲ, ಅದರಲ್ಲಿ ಸಂಡೂರಿನ ಹಿರಿಯರ ಕ್ಯಾನ್ಸರ್ ತಪಾಸಣೆಗೆ ಎಷ್ಟು ಇಟ್ಟಿದ್ದೀರಿ ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ.

ಬರ್ನೆಟ್ ಅವರಿಂದ ತೆಗೆದುಕೊಳ್ಳಬೇಕಾದ್ದು ತೆಗೆದುಕೊಳ್ಳೋಣ. ಕಾಯುವವನಿಗೂ ವಯಸ್ಸಾಗುತ್ತದೆ ಅನ್ನುವ ಅವರ ಮಾತು ಬಹುಮಟ್ಟಿಗೆ ನಿಲ್ಲುತ್ತದೆ. ಯಾರೋ ಕೆಲವರು ಲೆಕ್ಕಕ್ಕಿಂತ ಹೆಚ್ಚಾದವರು ಅನ್ನುವ ಅವರ ಲೆಕ್ಕ ನಿಲ್ಲುವುದಿಲ್ಲ. ಇವತ್ತು ರಾತ್ರಿಯೂ ಹಂಪಿ ಎಕ್ಸ್‌ಪ್ರೆಸ್‌ಗೆ ಯಾರೋ ಒಬ್ಬ ಅಜ್ಜಿ ರಿಪೋರ್ಟಿನ ಕವರು ಮಡಿಲಲ್ಲಿಟ್ಟುಕೊಂಡು ಕಾಯುತ್ತಿರಬಹುದು. ಅವರ ಪಕ್ಕದಲ್ಲಿ ಕೂತವರು ನೀವಾದರೆ, ಮೇಲಿನ ಬರ್ತ್ ಸಿಕ್ಕಿದ್ದರೆ ನಿಮ್ಮ ಕೆಳಗಿನದ್ದನ್ನು ಅವರಿಗೆ ಬಿಟ್ಟುಕೊಡಿ.